ಎಳೆ ಅದೇ, ಗಂಟು ಬೇರೆ: ಶಿಡ್ಲಘಟ್ಟದ ಗೂಡಿನಿಂದ ನಕ್ಷತ್ರ ಪಾಲಿಮರ್‌ವರೆಗೆ

ಶಿಡ್ಲಘಟ್ಟದ ಒಂದು ರೀಲಿಂಗ್ ಶೆಡ್‌. ಬಿಸಿನೀರಿನ ಬೇಸಿನ್ ಮುಂದೆ ಕೂತಿದ್ದ ಅಕ್ಕ ಬೆಂದ ಗೂಡುಗಳ ಮೇಲೆ ಕೈಯಾಡಿಸಿ, ಕಣ್ಣಿಗೆ ಸರಿಯಾಗಿ ಕಾಣದ ಎಳೆಯ ತುದಿ ಹಿಡಿದು, ಏಳೆಂಟು ಗೂಡುಗಳ ಎಳೆ ಒಟ್ಟಿಗೆ ಸೇರಿಸಿ ರಾಟೆಗೆ ಕೊಡುತ್ತಿದ್ದರು. "ತುದಿ ಹೇಗೆ ಕಾಣ್ತದೆ ಅಕ್ಕಾ ನಿಮಗೆ?" ಅಂದೆ. "ಕಾಣೋದೇನ್ ಬಂತಪ್ಪಾ, ಕೈಗೆ ಗೊತ್ತಾಗ್ತದೆ. ತುದಿ ಒಂದು ಸಿಕ್ಕಿದ್ರೆ ಮಿಕ್ಕಿದ್ದೆಲ್ಲಾ ತಾನೇ ಬರ್ತದೆ" ಅಂದರು.

ಎಂಜಿನಿಯರಿಂಗ್ ಓದುವಾಗ ಪಾಲಿಮರ್ ಅಧ್ಯಾಯವನ್ನು ಪರೀಕ್ಷೆಗೆಂದು ಉರು ಹೊಡೆದು, ಹೊರಗೆ ಬಂದು ಮರೆತವನು ನಾನು. ಅಕ್ಕನ ಮಾತು ಕೇಳಿದಾಗ ಆ ಅಧ್ಯಾಯದಲ್ಲಿ ಯಾರೂ ನಮಗೆ ಹೇಳದ ಒಂದು ಸಂಗತಿ ಹೊಳೆಯಿತು. ಉದ್ದನೆಯ ಎಳೆಯ ಗುಣ ಅದರ ತುದಿಗಳಲ್ಲಿದೆ. ಒಂದು ಎಳೆಗೆ ಎರಡೇ ತುದಿ. ಆ ಅಕ್ಕ ಏಳೆಂಟು ಎಳೆಗಳನ್ನು ಪಕ್ಕಪಕ್ಕದಲ್ಲಿ ಸೇರಿಸುವ ಬದಲು, ಎಲ್ಲದರ ಒಂದೊಂದು ತುದಿಯನ್ನು ಒಂದೇ ಗಂಟಿಗೆ ಕಟ್ಟಿಬಿಟ್ಟರೆ? ರೇಷ್ಮೆ ಅದೇ, ತೂಕವೂ ಅದೇ. ಆದರೆ ಅದು ರಾಟೆಗೆ ಬಾರದ ಬೇರೆಯದೇ ವಸ್ತು. ನಡುವೆ ಗಂಟು, ಸುತ್ತ ಎಂಟು ಕೈ.

ಅಣುವಿನ ಮಟ್ಟದಲ್ಲಿ ಇದನ್ನೇ ಮಾಡುವ ರಸಾಯನಶಾಸ್ತ್ರ ಒಂದಿದೆ. ಅದರ ಹೆಸರು ನಕ್ಷತ್ರ ಪಾಲಿಮರ್, ಅಂದರೆ ಸ್ಟಾರ್ ಪಾಲಿಮರ್. ಈ ಲೇಖನ ಅದರ ಬಗ್ಗೆ. "ರಾಜಕೀಯ ಬರೆಯೋ ನೀನು ಇದನ್ನ್ಯಾಕೆ ಬರೀತಿದ್ದೀಯ" ಅಂತ ಕೇಳುವವರಿಗೆ ಉತ್ತರ ಕೊನೆಯಲ್ಲಿದೆ.

ಮೊದಲು, ಸರಪಳಿ ಅಂದರೇನು?

ಪಾಲಿಮರ್ ಅಂದ ಕೂಡಲೇ ನಮಗೆ ಪ್ಲಾಸ್ಟಿಕ್ ಕವರ್ ನೆನಪಾಗುತ್ತದೆ. ಆದರೆ ಪಾಲಿಮರ್ ಅಂದರೆ ಸಣ್ಣ ಸಣ್ಣ ಘಟಕಗಳು ಒಂದರ ಹಿಂದೆ ಒಂದು ಜೋಡಿಕೊಂಡು ಆಗುವ ಉದ್ದನೆಯ ಅಣು, ಅಷ್ಟೇ. ಮುದ್ದೆಯ ಪಿಷ್ಟ, ಬಟ್ಟೆಯ ಹತ್ತಿ, ನಮ್ಮ ದೇಹದ ಡಿಎನ್ಎ ಎಲ್ಲವೂ ಪಾಲಿಮರ್. ಇಂಥ ದೈತ್ಯ ಸರಪಳಿಗಳು ನಿಜಕ್ಕೂ ಇರಬಹುದು ಅಂತ ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಹೇಳಿದಾಗ ಬಹಳಷ್ಟು ರಸಾಯನಶಾಸ್ತ್ರಜ್ಞರು ಒಪ್ಪಲಿಲ್ಲ. 1953ರಲ್ಲಿ ಅವರಿಗೆ ನೊಬೆಲ್ ಬಂತು.

ರೇಷ್ಮೆಯ ಎಳೆಯ ಒಳಗಿರುವುದು ಫೈಬ್ರೋಯಿನ್ ಎಂಬ ಪ್ರೋಟೀನ್. ಅದರ ದೊಡ್ಡ ಸರಪಳಿಯಲ್ಲಿ 5 ಸಾವಿರಕ್ಕೂ ಹೆಚ್ಚು ಅಮೈನೊ ಆಮ್ಲಗಳು ಸಾಲಾಗಿ ಕೂತಿವೆ. ಅದರ ಹೊರಗೆ ಅಂಟಿನಂತೆ ಸೆರಿಸಿನ್ ಎಂಬ ಇನ್ನೊಂದು ಪ್ರೋಟೀನ್ ಇದೆ, ಗೂಡಿನ ಎಳೆಯ ತೂಕದಲ್ಲಿ ಶೇ 20ರಿಂದ 30ರಷ್ಟು. ಗೂಡನ್ನು ಬಿಸಿನೀರಿಗೆ ಹಾಕುವುದು ಈ ಅಂಟು ಮೆದುವಾಗಲಿ ಅಂತ. ಹುಳು ಹಣ್ಣಾಗಿ ಚಂದ್ರಿಕೆಗೆ ಬಿಟ್ಟ ಮೇಲೆ ಎರಡು ಮೂರು ದಿನದಲ್ಲಿ ಅದು ನೂಲುವುದು ನೇರ ಸರಪಳಿಗಳನ್ನು. ಆ ಸರಪಳಿಗಳು ಪಕ್ಕಪಕ್ಕದಲ್ಲಿ ಒತ್ತಾಗಿ ಕೂರುವುದರಿಂದಲೇ ರೇಷ್ಮೆಗೆ ಅಷ್ಟು ಗಟ್ಟಿತನ. ಸರಪಳಿ ನೇರ ಇದ್ದರೆ ತಾನೇ ಒತ್ತಾಗಿ ಕೂರೋಕೆ ಆಗೋದು?

ನಕ್ಷೆ ತೆಗೆದು ನೋಡಿ. ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ನಾಲ್ಕೂ ಒಂದೇ ರಸ್ತೆಯ ಮೇಲಿವೆ, ಹಳೆಯ ರಾಷ್ಟ್ರೀಯ ಹೆದ್ದಾರಿ 234. ಇದು ನೇರ ಸರಪಳಿ. ಈಗ ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ 44 ಅನ್ನೂ ಸೇರಿಸಿ. ಚಿಕ್ಕಬಳ್ಳಾಪುರ ತಟ್ಟನೆ ಗಂಟಾಗುತ್ತದೆ. ನಾಲ್ಕು ದಿಕ್ಕಿಗೆ ನಾಲ್ಕು ಕೈ. ರಸ್ತೆಯ ಡಾಂಬರು ಅದೇ, ಆದರೆ ಈ ಗಂಟಿನಲ್ಲಿ ಒಂದು ಲಾರಿ ಕೆಟ್ಟು ನಿಂತರೆ ನಾಲ್ಕು ಕಡೆಯೂ ಜಾಮ್. ಆಕಾರ ಬದಲಾದರೆ ನಡವಳಿಕೆ ಬದಲಾಗುತ್ತದೆ ಅನ್ನೋದು ಇದನ್ನೇ.

ಜಾತ್ರೆಯಲ್ಲಿ ಕೈಹಿಡಿದು ನಡೆದಂತೆ

ನಂದಿ ಗ್ರಾಮದ ಶಿವರಾತ್ರಿ ಜಾತ್ರೆಗೆ ಹೋದವರಿಗೆ ಇದು ಅರ್ಥವಾಗುತ್ತದೆ. ತೇರಿನ ಸುತ್ತ ಕಾಲಿಡಲು ಜಾಗವಿಲ್ಲ. ಹತ್ತು ಹುಡುಗರು ಕೈಕೈ ಹಿಡಿದು ಸಾಲಾಗಿ ಹೊರಟರೆ ಹೇಗೋ ನುಗ್ಗಬಹುದು. ಮುಂದಿನವನು ಸಂದಿ ಹುಡುಕುತ್ತಾನೆ, ಮಿಕ್ಕವರು ಹಾವಿನಂತೆ ಹಿಂಬಾಲಿಸುತ್ತಾರೆ. ಕರಗಿದ ಪ್ಲಾಸ್ಟಿಕ್‌ನಲ್ಲಿ ನೇರ ಸರಪಳಿಗಳು ಚಲಿಸುವುದೂ ಹೀಗೆಯೇ. ಫ್ರಾನ್ಸಿನ ಭೌತವಿಜ್ಞಾನಿ ಪಿಯರ್ ಜಿಲ್ ದ ಜೆನ್ 1971ರಲ್ಲಿ ಇದಕ್ಕೆ 'ರೆಪ್ಟೇಶನ್' ಅಂದರು, ಸರೀಸೃಪದಂತೆ ತೆವಳುವುದು ಅಂತ.

ಈಗ ಅದೇ ಜಾತ್ರೆಯಲ್ಲಿ ನಾಲ್ಕು ಸಾಲುಗಳ ತಲೆಯನ್ನು ಒಬ್ಬನೇ ಹುಡುಗನ ಕೈಗೆ ಕಟ್ಟಿ. ಅವನು ಯಾವ ಕಡೆ ಹೋದರೂ ಮಿಕ್ಕ ಮೂರು ಸಾಲು ಎಳೆಯುತ್ತವೆ. ಮುಂದೆ ಹೋಗಬೇಕಾದರೆ ಒಂದೊಂದು ಸಾಲೂ ಪೂರ್ತಿ ಹಿಂದಕ್ಕೆ ಬಂದು, ಗಂಟಿನ ಹತ್ತಿರ ಮುದುಡಿ, ಮತ್ತೆ ಹೊಸ ಸಂದಿಯಲ್ಲಿ ಚಾಚಿಕೊಳ್ಳಬೇಕು. ಕೈ ಉದ್ದ ಇದ್ದಷ್ಟೂ ಇದು ಅಪರೂಪ. ಹಾಗಾಗಿ ಉದ್ದ ಕೈಗಳ ನಕ್ಷತ್ರ ಪಾಲಿಮರ್ ಕರಗಿದ ಸ್ಥಿತಿಯಲ್ಲಿ ವಿಪರೀತ ಮೊಂಡು. ಕೈಯ ಉದ್ದ ಸ್ವಲ್ಪ ಹೆಚ್ಚಿದರೂ ಅದರ ಸ್ನಿಗ್ಧತೆ, ಅಂದರೆ ಹರಿಯಲು ತೋರುವ ತಡೆ, ಬಡ್ಡಿಗೆ ಬಡ್ಡಿ ಸೇರಿದಂತೆ ಏರುತ್ತದೆ. ತಮಾಷೆಯೆಂದರೆ ಕೈ ಎಷ್ಟಿವೆ ಅನ್ನುವುದು ಇಲ್ಲಿ ಅಷ್ಟು ಮುಖ್ಯವಲ್ಲ, ಒಂದೊಂದು ಕೈ ಎಷ್ಟು ಉದ್ದ ಅನ್ನುವುದೇ ಲೆಕ್ಕ.

ಕೈಗಳು ಗಿಡ್ಡವಾಗಿದ್ದರೆ ಕತೆ ತಿರುಗುಮುರುಗು. ಸಿಕ್ಕಿಕೊಳ್ಳುವಷ್ಟು ಉದ್ದವೇ ಇಲ್ಲದ ಕೈಗಳು ಗಂಟಿನ ಸುತ್ತ ಮುದುಡಿ ಕೂರುತ್ತವೆ. ಅಷ್ಟೇ ತೂಕದ ನೇರ ಸರಪಳಿಗಿಂತ ಆ ನಕ್ಷತ್ರ ಚಿಕ್ಕದು, ಸಲೀಸಾಗಿ ಹರಿಯುತ್ತದೆ. ಎಷ್ಟು ಚಿಕ್ಕದು ಅನ್ನೋದಕ್ಕೆ ಜಿಮ್ ಮತ್ತು ಸ್ಟಾಕ್‌ಮೇಯರ್ 1949ರಲ್ಲೇ ಸೂತ್ರ ಕೊಟ್ಟರು. ಕೈಗಳ ಸಂಖ್ಯೆಯನ್ನು ಮೂರರಿಂದ ಗುಣಿಸಿ, ಎರಡು ಕಳೆದು, ಸಂಖ್ಯೆಯ ವರ್ಗದಿಂದ ಭಾಗಿಸಿ. ಎರಡು ಕೈ ಅಂದರೆ ನೇರ ಸರಪಳಿಯೇ, ಉತ್ತರ 1. ನಾಲ್ಕು ಕೈಗೆ 0.625. ಹದಿನಾರಕ್ಕೆ ಸುಮಾರು 0.18. ಇದು ಅಣುವಿನ ತ್ರಿಜ್ಯದ ವರ್ಗದ ಅನುಪಾತ. ಅಂದರೆ 16 ಕೈಯ ನಕ್ಷತ್ರದ ತ್ರಿಜ್ಯ, ಅಷ್ಟೇ ತೂಕದ ನೇರ ಸರಪಳಿಯ ಅರ್ಧಕ್ಕಿಂತ ಕಡಿಮೆ. ಆದರೆ ಇದು ಆದರ್ಶ ಲೆಕ್ಕ. ಕೈಗಳು ಹೆಚ್ಚಾದಂತೆ ಗಂಟಿನ ಬಳಿ ನೂಕುನುಗ್ಗಲು ಆಗಿ ಅವು ಹೊರಕ್ಕೆ ಚಾಚಿಕೊಳ್ಳುತ್ತವೆ, ನಿಜವಾದ ನಕ್ಷತ್ರ ಸೂತ್ರ ಹೇಳುವುದಕ್ಕಿಂತ ದೊಡ್ಡದಾಗಿರುತ್ತದೆ. ಈ ನೂಕುನುಗ್ಗಲಿಗೆ ಒಳ್ಳೆಯ ಮಾದರಿ ಬಂದದ್ದು 1982ರಲ್ಲಿ, ದಾವುದ್ ಮತ್ತು ಕಾಟನ್ ಅವರಿಂದ.

ಮಾಡುವುದು ಹೇಗೆ?

ಮಾಡುವುದಕ್ಕೆ ಎರಡು ದಾರಿ. ಮೊದಲ ದಾರಿಯಲ್ಲಿ ನಡುವಿನ ಗಂಟನ್ನು ಮೊದಲು ಮಾಡಿ, ಅದರಿಂದ ಕೈಗಳನ್ನು ಬೆಳೆಸುತ್ತಾರೆ, ಬೀಜದಿಂದ ಮೊಳಕೆ ಬಂದ ಹಾಗೆ. ಎರಡನೆಯದರಲ್ಲಿ ಕೈಗಳನ್ನು ಮೊದಲು ಬೇರೆ ಬೇರೆಯಾಗಿ ಬೆಳೆಸಿ, ಆಮೇಲೆ ಒಂದು ಗಂಟಿಗೆ ಕಟ್ಟುತ್ತಾರೆ. ಎರಡರಲ್ಲೂ ಕಷ್ಟ ಒಂದೇ, ಎಲ್ಲ ಕೈಗಳೂ ಒಂದೇ ಅಳತೆಗೆ ಬರಬೇಕು.

ಪಾಲ್ ಫ್ಲೋರಿ ಮತ್ತು ಶೇಫ್‌ಗೆನ್ 1948ರಲ್ಲಿ ನೈಲಾನ್ ಜಾತಿಯ ಪಾಲಿಮರ್‌ನಿಂದ ಬಹುಕೈಗಳ ಅಣು ಮಾಡಿ ತೋರಿಸಿದರು. ಆದರೆ ಕೈಗಳ ಉದ್ದ ಹಿಡಿತದಲ್ಲಿರಲಿಲ್ಲ. ಸಾಮಾನ್ಯ ಪಾಲಿಮರ್ ಕ್ರಿಯೆಯಲ್ಲಿ ಕೆಲವು ಸರಪಳಿ ಬೇಗ ಸಾಯುತ್ತವೆ, ಕೆಲವು ತುಂಬಾ ಬೆಳೆಯುತ್ತವೆ. 1956ರಲ್ಲಿ ಮೈಕಲ್ ಶ್ವಾರ್ಜ್ 'ಜೀವಂತ' ಪಾಲಿಮರೀಕರಣವನ್ನು ತೋರಿಸಿದ ಮೇಲೆ ದಾರಿ ತೆರೆಯಿತು. ಇಲ್ಲಿ ಸರಪಳಿಯ ತುದಿ ಸಾಯುವುದಿಲ್ಲ. ಕಚ್ಚಾವಸ್ತು ಹಾಕಿದಷ್ಟೂ ಬೆಳೆಯುತ್ತದೆ, ಮುಗಿದರೆ ಕಾಯುತ್ತದೆ. ಎಲ್ಲವೂ ಒಟ್ಟಿಗೆ ಶುರುವಾದ್ದರಿಂದ ಎಲ್ಲದರ ಉದ್ದವೂ ಹೆಚ್ಚುಕಮ್ಮಿ ಒಂದೇ. ರೇಷ್ಮೆ ಸಾಕಿದವರಿಗೆ ಇದು ಹೊಸದಲ್ಲ. ಒಂದೇ ದಿನ ಮೊಟ್ಟೆ ಒಡೆದು, ಒಟ್ಟಿಗೆ ಜ್ವರಕ್ಕೆ ಕೂತು, ಒಟ್ಟಿಗೆ ಎದ್ದ ಹುಳುಗಳೇ ಒಂದೇ ಸಮ ಗೂಡು ಕಟ್ಟುವುದು.

ಆದರೆ ಆ ಜೀವಂತ ತುದಿಗೆ ಒಂದು ಹನಿ ನೀರು, ಒಂದು ಉಸಿರು ಗಾಳಿ ತಾಕಿದರೂ ಸತ್ತುಹೋಗುತ್ತದೆ. ಅದಕ್ಕೇ ಗಾಳಿ ಪೂರ್ತಿ ಹೊರತೆಗೆದ ಗಾಜಿನ ಕೊಳವೆಗಳೊಳಗೆ ಕೆಲಸ. ಸರಪಳಿ ಬೆಳೆದ ಮೇಲೆ ಸಿಲಿಕಾನ್ ಟೆಟ್ರಾಕ್ಲೋರೈಡ್ ಹಾಕುತ್ತಾರೆ. ಆ ಸಿಲಿಕಾನ್‌ಗೆ ನಾಲ್ಕು ಹಿಡಿಕೆ, ಒಂದೊಂದಕ್ಕೆ ಒಂದೊಂದು ಸರಪಳಿ ಕೂತರೆ ನಾಲ್ಕು ಕೈಯ ನಕ್ಷತ್ರ. 1960ರ ದಶಕದ ಆರಂಭದಲ್ಲೇ ಇದು ಸಾಧ್ಯವಾಯಿತು. ಇನ್ನೂ ಹೆಚ್ಚು ಕೈ ಬೇಕೆಂದರೆ, ಮರದ ಕೊಂಬೆಗಳಂತೆ ಪದೇಪದೇ ಕವಲೊಡೆಯುವ 'ಡೆಂಡ್ರಿಮರ್' ಎಂಬ ಅಣುವನ್ನು ಗಂಟಾಗಿ ಬಳಸಬೇಕು. ಕೆನಡಾದ ಜಾಕ್ ರೂವರ್ಸ್, ಗ್ರೀಸಿನ ನಿಕೊಸ್ ಹಾಜಿಕ್ರಿಸ್ಟಿಡಿಸ್ ಮತ್ತವರ ಸಂಗಡಿಗರು 1993ರಲ್ಲಿ ಹೀಗೆ 64 ಮತ್ತು 128 ಕೈಗಳ ನಕ್ಷತ್ರಗಳನ್ನು ಪ್ರಕಟಿಸಿದರು.

ಕಣ್ಣಿಗೆ ಕಾಣದ ಅಣುವಿಗೆ 128 ಕೈ ಇವೆ ಅಂತ ಎಣಿಸಿದ್ದಾದರೂ ಹೇಗೆ? ಕಟ್ಟುವ ಮೊದಲು ಒಂದು ಕೈಯ ತೂಕ ಅಳೆದಿಟ್ಟುಕೊಳ್ಳುತ್ತಾರೆ. ಆಮೇಲೆ ದ್ರಾವಣಕ್ಕೆ ಬೆಳಕು ಹಾಯಿಸಿ, ಅದು ಎಷ್ಟು ಚದುರುತ್ತದೆ ಅನ್ನುವುದರಿಂದ ಇಡೀ ನಕ್ಷತ್ರದ ತೂಕ ಕಂಡುಹಿಡಿಯುತ್ತಾರೆ. ಒಂದರಿಂದ ಇನ್ನೊಂದನ್ನು ಭಾಗಿಸಿದರೆ ಕೈಗಳ ಲೆಕ್ಕ ಸಿಗುತ್ತದೆ. ಗೂಡಿನ ಚೀಲ ತೂಗಿ, ಒಂದು ಗೂಡಿನ ತೂಕದಿಂದ ಭಾಗಿಸಿದ ಹಾಗೆ. ಒಳಗಿನ ಆಕಾರ ನೋಡಲು ಬೆಳಕು ಸಾಲದು, ಅಲ್ಲಿ ನ್ಯೂಟ್ರಾನ್‌ಗಳನ್ನು ಹಾಯಿಸಬೇಕಾಗುತ್ತದೆ.

ಕಾಯಿಸಿದರೆ ಗಟ್ಟಿಯಾಗುವ ದ್ರವ

ಕೈಗಳು ಹತ್ತಿಪ್ಪತ್ತು ದಾಟಿದ ಮೇಲೆ ವಿಷಯ ಮಜಾ ಇದೆ. ಅಂಥ ನಕ್ಷತ್ರ ಸರಪಳಿಯೂ ಅಲ್ಲ, ಗೋಲಿಯೂ ಅಲ್ಲ. ಎರಡರ ನಡುವಿನ ಮೆತ್ತನೆಯ ಚೆಂಡು. ಎರಡು ನಕ್ಷತ್ರ ಹತ್ತಿರ ಬಂದರೆ ಕೈಗಳು ಒಂದರೊಳಗೊಂದು ಸ್ವಲ್ಪ ತೂರುತ್ತವೆ, ಆಮೇಲೆ ತಳ್ಳುತ್ತವೆ. ಈ ತಳ್ಳಾಟ ಎಷ್ಟಿರುತ್ತದೆ ಅನ್ನುವುದನ್ನು 1998ರಲ್ಲಿ ಕ್ರಿಸ್ಟೋಸ್ ಲಿಕೋಸ್ ಮತ್ತು ಜೊತೆಗಾರರು ಸೂತ್ರಕ್ಕಿಳಿಸಿದರು.

2000ನೇ ಇಸವಿಯಲ್ಲಿ ಗ್ರೀಸಿನ ದಿಮಿತ್ರಿಸ್ ವ್ಲಾಸೊಪೌಲೊಸ್ ಗುಂಪು ಬಹುಕೈಗಳ ನಕ್ಷತ್ರದ ದ್ರಾವಣವೊಂದನ್ನು ಕಾಯಿಸಿದಾಗ ಅದು ತೆಳುವಾಗುವ ಬದಲು ಗಟ್ಟಿಯಾಯಿತು. ತಣಿಸಿದರೆ ಮತ್ತೆ ಹರಿಯಿತು. ಕಾರಣ ಸರಳ. ಬಿಸಿಯಾದಾಗ ಆ ದ್ರಾವಕದಲ್ಲಿ ಕೈಗಳು ಹೆಚ್ಚು ಚಾಚಿಕೊಳ್ಳುತ್ತವೆ, ಚೆಂಡುಗಳು ಊದುತ್ತವೆ, ಜಾಗ ಸಾಲದೆ ಒಂದನ್ನೊಂದು ಕಟ್ಟಿಹಾಕುತ್ತವೆ. ಎಣ್ಣೆ, ತುಪ್ಪ, ಬೆಲ್ಲದ ಪಾಕ ನೋಡಿ ಬೆಳೆದ ನಮ್ಮ ಅಡುಗೆಮನೆಯ ಬುದ್ಧಿಗೆ ಇದು ಸುಲಭಕ್ಕೆ ಒಗ್ಗುವುದಿಲ್ಲ.

ಇದರಿಂದ ಏನು ಪ್ರಯೋಜನ?

ನಿಮ್ಮ ಬೈಕಿನಿಂದಲೇ ಶುರು ಮಾಡೋಣ. ಎಂಜಿನ್ ಆಯಿಲ್ ಬೆಳಗಿನ ಚಳಿಯಲ್ಲಿ ಗಟ್ಟಿ, ಬಿಸಿಯಾದಾಗ ನೀರು ಆಗಬಾರದು. ಅದಕ್ಕೆ ಪಾಲಿಮರ್ ಬೆರೆಸುತ್ತಾರೆ. ನೇರ ಸರಪಳಿ ಹಾಕಿದರೆ ಗೇರುಗಳ ತಿಕ್ಕಾಟಕ್ಕೆ ನಡುವೆ ತುಂಡಾಗಿ ತೂಕ ಅರ್ಧವಾಗುತ್ತದೆ. ನಕ್ಷತ್ರ ಹಾಕಿದರೆ ಒಂದು ಕೈ ಮುರಿಯಬಹುದು, ಮಿಕ್ಕವು ಉಳಿಯುತ್ತವೆ. ಹಾಗಾಗಿ ಪಾಲಿಐಸೊಪ್ರೀನ್ ನಕ್ಷತ್ರಗಳು ಎಂಜಿನ್ ಆಯಿಲ್ ಉದ್ಯಮದಲ್ಲಿ ದಶಕಗಳಿಂದ ಇವೆ. ಹೆದ್ದಾರಿಗಳ ಡಾಂಬರಿಗೆ ಬೆರೆಸುವ ಎಸ್‌ಬಿಎಸ್ ಎಂಬ ರಬ್ಬರಿನಂಥ ಪಾಲಿಮರ್‌ನಲ್ಲೂ ನೇರ ಬಗೆ, ನಕ್ಷತ್ರದ ಬಗೆ ಎರಡೂ ಇವೆ. ಶಸ್ತ್ರಚಿಕಿತ್ಸೆಯಲ್ಲಿ ಸೋರಿಕೆ ಮುಚ್ಚುವ ಕೆಲವು ಅಂಟುಗಳು ನಾಲ್ಕು ಕೈಯ ಪಾಲಿಎಥಿಲೀನ್ ಗ್ಲೈಕಾಲ್‌ನಿಂದ ಆದವು. ಎರಡು ದ್ರವ ಬೆರೆತ ಕೂಡಲೇ ಕೈಗೆ ಕೈ ಹಿಡಿದು ಜೆಲ್ ಆಗುತ್ತದೆ.

ಇನ್ನೂ ಒಂದಿದೆ. 2016ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ಗ್ರೆಗ್ ಚಿಯಾವ್ ತಂಡ 16 ಮತ್ತು 32 ಕೈಗಳ, ಅಮೈನೊ ಆಮ್ಲಗಳಿಂದಲೇ ಮಾಡಿದ ನಕ್ಷತ್ರಗಳು ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ ಅಂತ 'ನೇಚರ್ ಮೈಕ್ರೋಬಯಾಲಜಿ'ಯಲ್ಲಿ ಪ್ರಕಟಿಸಿತು. ಆ ಪ್ರಯೋಗ ನಡೆದದ್ದು ಲ್ಯಾಬಿನಲ್ಲಿ ಮತ್ತು ಇಲಿಗಳ ಮೇಲೆ. ಮೆಡಿಕಲ್ ಶಾಪಿನ ದಾರಿ ಬಹಳ ದೂರ. ಆದರೂ ಗಮನಿಸಿ, ಪದಾರ್ಥ ಹೊಸದಲ್ಲ, ಅವೇ ಅಮೈನೊ ಆಮ್ಲಗಳು. ಕಟ್ಟಿದ ರೀತಿ ಹೊಸದು.

ಹಾಗಂತ ನಕ್ಷತ್ರ ಅಂದ ಮಾತ್ರಕ್ಕೆ ಪರಿಸರಸ್ನೇಹಿ ಅಂದುಕೊಳ್ಳಬೇಡಿ. ಮಣ್ಣಲ್ಲಿ ಕರಗದ ಸರಪಳಿಗೆ ನಾಲ್ಕು ಕೈ ಕೊಟ್ಟರೂ ಅದು ಕರಗುವುದಿಲ್ಲ.

ಲ್ಯಾಬು ಎಷ್ಟು ದೂರ?

ಚಿಕ್ಕಬಳ್ಳಾಪುರದಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸುಮಾರು 55 ಕಿ.ಮೀ. ಅಲ್ಲಿ ಎಸ್. ರಾಮಕೃಷ್ಣನ್ ಅವರು ವಿಪರೀತ ಕವಲೊಡೆದ ಪಾಲಿಮರ್‌ಗಳ ಮೇಲೆ, ಎನ್. ಜಯರಾಮನ್ ಅವರು ಡೆಂಡ್ರಿಮರ್‌ಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಪ್ರಬಲ್ ಮೈತಿ ಅವರ ಗುಂಪು ಡೆಂಡ್ರಿಮರ್‌ಗಳು ನೀರಿನಲ್ಲಿ ಹೇಗೆ ಮುದುಡುತ್ತವೆ, ಹೇಗೆ ಊದುತ್ತವೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದೆ. ನಕ್ಷತ್ರ ಪಾಲಿಮರ್‌ಗೆ ಇವೆಲ್ಲ ದಾಯಾದಿಗಳು. ಇವುಗಳ ಹಿಂದಿರುವ ಪ್ರಶ್ನೆ ಒಂದೇ: ಕವಲೊಡೆದರೆ ಏನಾಗುತ್ತದೆ?

ಇದೇ ಪಾಠ ಹೇಳುವ ದೊಡ್ಡ ಯಂತ್ರ ಗೌರಿಬಿದನೂರಿನಲ್ಲೇ ಇದೆ. ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ ರೇಡಿಯೊ ದೂರದರ್ಶಕದಲ್ಲಿ 1000 ಡೈಪೋಲ್ ಆಂಟೆನಾಗಳನ್ನು ಇಂಗ್ಲಿಷಿನ 'ಟಿ' ಆಕಾರದಲ್ಲಿ ಜೋಡಿಸಿದ್ದಾರೆ. ಅದೇ ಆಂಟೆನಾಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದರೆ ಆಕಾಶ ಒಂದು ದಿಕ್ಕಿಗೆ ಮಾತ್ರ ಸ್ಪಷ್ಟವಾಗುತ್ತಿತ್ತು. ಅಡ್ಡ ಕೈ ಸೇರಿದ್ದರಿಂದ ಎರಡೂ ದಿಕ್ಕು ಸಿಕ್ಕಿತು. ರಾಮನ್ ಸಂಶೋಧನಾ ಸಂಸ್ಥೆಯ ಬೆಂಗಳೂರಿನ ಕಟ್ಟಡದಲ್ಲಿ ಮೆದು ದ್ರವ್ಯಗಳನ್ನು, ಅಂದರೆ ಜೆಲ್, ಜೇಡಿ, ಪಾಲಿಮರ್‌ಗಳಂಥವನ್ನು, ಅಧ್ಯಯನ ಮಾಡುವ ವಿಭಾಗವೂ ಇದೆ.

ರಾಜಕೀಯ ಎಲ್ಲಿದೆ ಅಂದರೆ

2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು. ಚೀನಾದ ರೇಷ್ಮೆ ಎದುರು ನಿಲ್ಲಲಾಗದೆ ನಮ್ಮ ಬೆಳೆಗಾರರು ಬೀದಿಗಿಳಿದರು. ಆ ಹೋರಾಟ ನ್ಯಾಯವಾದದ್ದು. ಆದರೆ ಆ ಹೊಡೆತ ಅಷ್ಟು ನೇರವಾಗಿ ಬಿದ್ದದ್ದು ಯಾಕೆ ಅಂತಲೂ ಕೇಳಬೇಕು. ನಾವು ಮಾರುವುದು ಗೂಡನ್ನು, ಕೆ.ಜಿ. ಲೆಕ್ಕದಲ್ಲಿ, ಆ ದಿನದ ಹರಾಜಿನ ಬೆಲೆಗೆ. ರಾಮನಗರದ ಜೊತೆಗೆ ರಾಜ್ಯದ ಅತಿ ದೊಡ್ಡ ಗೂಡು ಮಾರುಕಟ್ಟೆಗಳಲ್ಲಿ ಒಂದು ನಮ್ಮಲ್ಲಿದೆ, ಆದರೆ ನಮ್ಮ ಕೈಯಲ್ಲಿರುವುದು ಎಳೆ ಮಾತ್ರ. ಎಳೆಯನ್ನು ಬೇರೆ ರೀತಿ ಕಟ್ಟುವ ವಿದ್ಯೆ ನಮ್ಮ ಕೈಯಲ್ಲಿಲ್ಲ. ಫೈಬ್ರೋಯಿನ್‌ನಿಂದ ಗಾಯಕ್ಕೆ ಹಚ್ಚುವ ಪದರ, ಅಂಗಾಂಶ ಬೆಳೆಸುವ ಹಂದರ ಮಾಡುವ ಸಂಶೋಧನೆ ಜಗತ್ತಿನಾದ್ಯಂತ ನಡೆದಿದೆ. ನಮ್ಮ ಬೇಸಿನ್‌ಗಳಿಂದ ಸೆರಿಸಿನ್ ಚರಂಡಿಗೆ ಹೋಗುತ್ತದೆ, ವಾಸನೆ ಮಾತ್ರ ಊರಿಗೆ.

ನೀರಿನದ್ದೂ ಇದೇ ಕತೆ. ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ತ್ಯಾಜ್ಯ ನೀರು ಎರಡು ಹಂತದ ಶುದ್ಧೀಕರಣ ಆಗಿ ನಮ್ಮ ಕೆರೆಗಳಿಗೆ ಬರುತ್ತಿದೆ. ಮೂರನೇ ಹಂತವೂ ಬೇಕು ಅನ್ನುವುದು ಇಲ್ಲಿನ ಹೋರಾಟಗಾರರ ಒತ್ತಾಯ. ಆ ಮೂರನೇ ಹಂತದಲ್ಲಿ ಬಳಸಬಹುದಾದ ಸೋಸು ಪೊರೆಗಳು ಪಾಲಿಮರ್‌ನವು. ಅದರ ರಂಧ್ರ ಎಷ್ಟಿರಬೇಕು, ಎಷ್ಟು ಬೇಗ ಕಟ್ಟಿಕೊಳ್ಳುತ್ತದೆ, ಖರ್ಚೆಷ್ಟು ಅನ್ನುವುದು ಗೊತ್ತಿದ್ದವರು ಸಭೆಯಲ್ಲಿ ಅಧಿಕಾರಿಯನ್ನು ಪ್ರಶ್ನಿಸಬಲ್ಲರು. ಗೊತ್ತಿಲ್ಲದವರು ಮನವಿ ಪತ್ರ ಕೊಟ್ಟು ಬರುತ್ತಾರೆ.

ದೇಶವಾಗಿ ನಾವು ಸಂಶೋಧನೆಗೆ ಖರ್ಚು ಮಾಡುತ್ತಿರುವುದು ಜಿಡಿಪಿಯ ಶೇ 0.64ರಷ್ಟು. ಅದರಲ್ಲೂ "ಇದರಿಂದ ತಕ್ಷಣ ಏನು ಲಾಭ" ಅಂತ ಕೇಳುವ ಚಾಳಿ. 1948ರಲ್ಲಿ ಫ್ಲೋರಿಗೆ ಯಾರಾದರೂ ಹಾಗೆ ಕೇಳಿದ್ದರೆ ಬೈಕಿನ ಆಯಿಲ್ ಅಂತ ಅವರಿಗೆ ಹೊಳೆಯುತ್ತಿರಲಿಲ್ಲ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ಅಮೆರಿಕದಲ್ಲಿ ಪರಮಾಣು ಭೌತವಿಜ್ಞಾನ ಓದಿ ವಾಪಸ್ ಬಂದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರಿನ ನ್ಯಾಷನಲ್ ಕಾಲೇಜಷ್ಟೇ ಸಾಕು ಅಂದುಕೊಳ್ಳದೆ ಗೌರಿಬಿದನೂರು, ಬಾಗೇಪಲ್ಲಿಗಳಿಗೂ ಕಾಲೇಜು ತಂದರು. ಬೆಂಗಳೂರಿನಲ್ಲಿದ್ದ ಗಂಟಿಗೆ ತಾಲ್ಲೂಕುಗಳತ್ತ ಕೈ ಬೆಳೆಸಿದ್ದು ಅದು. ಇವತ್ತು ಚಿಂತಾಮಣಿಯ ಕುರುಬೂರಿನಲ್ಲಿ ರೇಷ್ಮೆ ಕೃಷಿ ಕಾಲೇಜಿದೆ, ಮುದ್ದೇನಹಳ್ಳಿಯಲ್ಲಿ ವಿಟಿಯು ಕೇಂದ್ರವಿದೆ, 55 ಕಿ.ಮೀ. ಆಚೆ ದೇಶದ ಅತ್ಯುತ್ತಮ ಪಾಲಿಮರ್ ಲ್ಯಾಬುಗಳಿವೆ. ಎಲ್ಲ ಸರಪಳಿಗಳೂ ಇವೆ. ಜೋಡಿಸುವ ಗಂಟು ಇಲ್ಲ.

ಹಾಗಾಗಿ ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬಂದವರಿಗೆ ರಸ್ತೆ, ನೀರು, ಗೂಡಿನ ಬೆಲೆ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಇಡಿ. ಶಿಡ್ಲಘಟ್ಟದ ಗೂಡನ್ನು ಪರೀಕ್ಷಿಸಿ, ಅದರಿಂದ ಹೊಸದೇನು ಮಾಡಬಹುದು ಅಂತ ಹುಡುಕುವ ಒಂದು ಲ್ಯಾಬು ಶಿಡ್ಲಘಟ್ಟದಲ್ಲೇ ಯಾಕಿರಬಾರದು? ಅಲ್ಲಿ ರೀಲಿಂಗ್ ಶೆಡ್ಡಿನ ಅಕ್ಕನ ಮಗಳು ಬಿಳಿ ಕೋಟು ಹಾಕಿ ಯಾಕೆ ನಿಲ್ಲಬಾರದು? ಕಾಣದ ತುದಿಯನ್ನು ಕೈಯಲ್ಲೇ ಗುರುತಿಸೋದು ಆ ಮನೆಯವರಿಗೆ ಈಗಾಗಲೇ ಗೊತ್ತು.